ಉಗ್ರಾಣದ ಲೆಕ್ಕವೂ ನೌಕರರ ಸಂಬಳವೂ

ಕೊಚ್ಚಿ, ತಿರುವನಂತಪುರಗಳ ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮವರಿಗೆ ಕಿರ್ದಿ ಪುಸ್ತಕದ ಕಾಲ ಮುಗಿಯುತ್ತ ಬಂದಿದೆ. ಉದ್ದಿನಬೇಳೆ, ಎಣ್ಣೆ, ತೆಂಗಿನಕಾಯಿಗಳ ದಾಸ್ತಾನು ಈಗ ಅಂತರಜಾಲದ ಲೆಕ್ಕದಲ್ಲಿದೆ. ಯಜಮಾನರು ಊರಿನಲ್ಲಿದ್ದುಕೊಂಡೇ ಅದನ್ನು ಮೊಬೈಲಿನಲ್ಲಿ ನೋಡಬಲ್ಲರು. ಈ ಸೌಕರ್ಯವನ್ನು ನಾವು ಹಳಿಯುವವರಲ್ಲ. ಆದರೆ ಯಂತ್ರವು ತಾನಾಗಿ ಉಗ್ರಾಣಕ್ಕಿಳಿದು ಮೂಟೆ ಎಣಿಸುವುದಿಲ್ಲ.

ಮಸಾಲೆದೋಸೆಯೊಂದರ ಬಿಲ್ಲು ಆದೊಡನೆ, ಮೊದಲೇ ಗೊತ್ತುಮಾಡಿಟ್ಟ ಪ್ರಮಾಣದಂತೆ ಅಕ್ಕಿ, ಉದ್ದು, ಎಣ್ಣೆ, ಆಲೂಗಡ್ಡೆಗಳನ್ನು ಅದು ದಾಸ್ತಾನಿನಿಂದ ಕಳೆಯುತ್ತದೆ, ಅಷ್ಟೆ. ಹುಳಿಯೇರಿ ಚೆಲ್ಲಿದ ಹಿಟ್ಟು, ಎರಡನೆಯ ಸಲ ಬಡಿಸಿದ ಸಾಂಬಾರು, ಕೆಲಸದವರ ಊಟ—ಇವು ಬಿಲ್ಲಿಗೆ ಬರುವುದಿಲ್ಲ. ಯಾರಾದರೂ ಬರೆಯದ ಹೊರತು ಲೆಕ್ಕಕ್ಕೂ ಬರುವುದಿಲ್ಲ. ತಿಂಗಳ ಕೊನೆಗೆ ಅವೆಲ್ಲವೂ 'ಕೊರತೆ'ಯೆಂಬ ಹೆಸರಿನಲ್ಲಿ ತಲೆಯೆತ್ತುತ್ತವೆ. ಸಂಶಯದ ಕಣ್ಣು ಅಡಿಗೆಯವನ ಮೇಲೆ ಬೀಳುತ್ತದೆ. ತಾನು ಉಂಡ ಅನ್ನವೇ ಕಳವೆನಿಸಿಕೊಳ್ಳುವ ಈ ಪರಿ ವಿಚಿತ್ರವಲ್ಲವೆ?

ಗಿರಾಕಿಗಳು ನೋಡುವ ಪಟ್ಟಿಯದೂ ಇದೇ ಕಥೆ. ಮುಗಿದ ತಿಂಡಿಯನ್ನು ಸ್ವಿಗ್ಗಿ, ಝೊಮ್ಯಾಟೊ ಪಟ್ಟಿಗಳಿಂದ ಆ ಗಳಿಗೆಯಲ್ಲೇ ತೆಗೆಯದಿದ್ದರೆ ಹಣ ಕೊಟ್ಟ ಗಿರಾಕಿಗೆ ನಿರಾಶೆ. ತಂಪಾನೂರಿನ ರೈಲುನಿಲ್ದಾಣದ ಬಳಿಯ ವಸತಿಗೃಹದಲ್ಲಿ ಒಂದೇ ಕೋಣೆ ಎರಡು ತಾಣಗಳಲ್ಲಿ ಮಾರಾಟವಾದರೆ, ನಡುರಾತ್ರಿಯಲ್ಲಿ ಬೈಗುಳ ಕೇಳುವವನು ಗುಮಾಸ್ತ. ಪಟ್ಟಿಯನ್ನು ತಿದ್ದುವ ಪಾಸ್‌ವರ್ಡ್ ಮಾತ್ರ ಯಜಮಾನರಲ್ಲಿ!

ಇನ್ನು ಕೆಲವೆಡೆ ಒಂದೇ ಪಾಸ್‌ವರ್ಡನ್ನು ಹತ್ತು ಮಂದಿ ಬಳಸುತ್ತಾರೆ. ಇದು ಮತ್ತಷ್ಟು ಅಪಾಯಕರ. ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ, ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನೂ ಇಡಬೇಕೆಂದು 2017ರ ಜಿ.ಎಸ್.ಟಿ. ನಿಯಮಗಳು ವಿಧಿಸುತ್ತವೆ. ಎಲ್ಲರದೂ ಒಂದೇ ಹೆಸರಾದರೆ ಅಳಿಸಿದವನಾರೆಂದು ಹೇಳುವವರಾರು? ಆದುದರಿಂದ ಉಗ್ರಾಣದವನಿಗೂ ಗುಮಾಸ್ತನಿಗೂ ಅವರವರ ಹೆಸರಿನ ಪ್ರತ್ಯೇಕ ಪ್ರವೇಶವಿರಬೇಕೆಂದು ನಾವು ಒತ್ತಾಯಿಸುತ್ತೇವೆ.

ಸಂಬಳ ಕಡಿತದ ವಿಷಯವನ್ನಂತೂ ಸ್ಪಷ್ಟವಾಗಿ ಹೇಳಬೇಕಾಗಿದೆ. ನೌಕರನ ವಶಕ್ಕೆ ನಿರ್ದಿಷ್ಟವಾಗಿ ಒಪ್ಪಿಸಿದ ಸರಕು ಅವನ ಅಲಕ್ಷ್ಯದಿಂದಲೇ ನಷ್ಟವಾದಾಗ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆಯೇ, ಕಡಿತಕ್ಕೆ ಅವಕಾಶವೆಂಬುದು 1936ರ ವೇತನ ಪಾವತಿ ಕಾಯ್ದೆಯ ತತ್ತ್ವ. 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಪರದೆಯ ಮೇಲಿನ ಕೊರತೆಯೊಂದೇ ಅಪರಾಧದ ಸಾಕ್ಷಿಯಾಗಲಾರದು.

ಯಜಮಾನರು ವಾರಕ್ಕೊಮ್ಮೆ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮುನ್ನ, ಅಡಿಗೆಯವನನ್ನೂ ಗುಮಾಸ್ತನನ್ನೂ ಕೂಡಿಸಿಕೊಂಡು ಮೂಟೆ, ಡಬ್ಬಗಳನ್ನು ಎಣಿಸಿ ತೂಗಿಸಲಿ. ಚೆಲ್ಲಿದುದಕ್ಕೊಂದು, ಕೆಲಸದವರ ಊಟಕ್ಕೊಂದು ಕಲಮನ್ನು ಲೆಕ್ಕದಲ್ಲಿ ಸೇರಿಸಲಿ. ಬರುವ ಓಣಂ ಜನಸಂದಣಿಗೆ ಮೊದಲೇ ಇದನ್ನು ಆರಂಭಿಸುವುದು ಒಳಿತು.