ಬೀಗದ ಕೈ ಯಾರ ಸೊಂಟದಲ್ಲಿ?

ನನ್ನ ಊರು ಹಾಸನ ತಾಲ್ಲೂಕಿನ ದುದ್ದ. ಊರ ಹೆಸರು ಹೇಳಿದೊಡನೆ "ದುದ್ದವೋ, ದುಡ್ಡೋ?" ಎಂದು ಹಾಸ್ಯ ಮಾಡದ ಸ್ನೇಹಿತರು ಈ ಮೂರು ವರ್ಷಗಳಲ್ಲಿ ನನಗೆ ಈ ಕಾಲೇಜಿನಲ್ಲಿ ದೊರೆತಿಲ್ಲ. ಹೀಗಿರಲು ದುಡ್ಡಿನ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಹುಟ್ಟಿನಿಂದಲೇ ಬಂದಿದೆಯೆಂದು ತಿಳಿದು ಲೇಖನಿ ಹಿಡಿದಿದ್ದೇನೆ. ದುಡ್ಡೆಂದರೆ ಬ್ಯಾಂಕಿನ ದುಡ್ಡಲ್ಲ. ಬಿಟ್‌ಕಾಯಿನ್ ಎಂಬ ಹೊಸ ದುಡ್ಡು. ಅದನ್ನು ಕೊಳ್ಳಿರೆಂದು ಯಾರನ್ನೂ ಪ್ರೇರೇಪಿಸುವುದು ನನ್ನ ಉದ್ದೇಶವಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮ್ಮಲ್ಲಿ ಎರಡು ಸಲ ನಡೆದು ಎರಡು ಸಲವೂ ಗದ್ದಲದಲ್ಲಿ ಮುಗಿದಿದೆ. ಕೊಂಡವರು ಅದನ್ನಿಟ್ಟುಕೊಳ್ಳುವ ತಂತ್ರಾಂಶದ ರೀತಿನೀತಿಗಳನ್ನು ಅರಿಯದೆ ಪಡುವ ಪಾಡು ಮಾತ್ರ ಯಾವ ಚರ್ಚೆಯಲ್ಲಿಯೂ ಬರಲಿಲ್ಲ. ಆ ಪಾಡನ್ನು ನಾನು ನಮ್ಮ ಮನೆಯಲ್ಲೇ ಕಂಡೆ.

ಮೊದಲು ಎರಡು ಪದಗಳ ಅರ್ಥ. 'ವಾಲೆಟ್' ಎಂದರೆ ಹಣದ ಚೀಲವೆಂದು ಎಲ್ಲರೂ ತಿಳಿಯುತ್ತಾರೆ. ಈ ಹೆಸರಿಟ್ಟ ಪುಣ್ಯಾತ್ಮನು ಯಾರೋ ಕಾಣೆ. ಅರ್ಧ ಅನರ್ಥಕ್ಕೆ ಅವನೇ ಹೊಣೆ. ವಾಲೆಟ್ಟಿನೊಳಗೆ ನಾಣ್ಯವಿಲ್ಲ, ಇರುವುದು ಬೀಗದ ಕೈಗಳು ಮಾತ್ರ. ನಮ್ಮ ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬೀಗದ ಕೈಗೊಂಚಲಿಗೂ ಇದಕ್ಕೂ ಹೆಚ್ಚು ಭೇದವಿಲ್ಲ. ಹಾಗಾದರೆ ನಾಣ್ಯ ಎಲ್ಲಿದೆ? ಲೆಕ್ಕದ ಪುಸ್ತಕದಲ್ಲಿದೆ. ಆ ಪುಸ್ತಕದ ಮೊದಲ ಪುಟ ಹುಟ್ಟಿದ್ದು ೨೦೦೯ರ ಜನವರಿ ೩ರಂದು. ಅಂದಿನಿಂದ ಸುಮಾರು ೧೦ ನಿಮಿಷಕ್ಕೊಂದು ಪುಟದಂತೆ ಸೇರುತ್ತ ಸೇರುತ್ತ ೨೦೨೫ರಲ್ಲಿ ಅದು ೯ ಲಕ್ಷ ಪುಟಗಳನ್ನು ದಾಟಿತು. ಇನ್ನು 'ನೋಡ್'. ಆ ಪುಸ್ತಕದ ಪ್ರತಿಯನ್ನು ತನ್ನ ಮನೆಗೆ ತರಿಸಿಕೊಂಡು, ಬಂದ ಪ್ರತಿಯೊಂದು ಪುಟವನ್ನೂ ತಾನೇ ಕೂಡಿ ಕಳೆದು, ಸರಿಯೆಂದು ಕಂಡರೆ ಮಾತ್ರ ಒಪ್ಪುವ ಯಂತ್ರಕ್ಕೆ ನೋಡ್ ಎಂದು ಹೆಸರು. ನಮ್ಮ ಕಡೆ ಆಡುಮಾತಿನಲ್ಲಿ 'ನೋಡ್' ಎಂದರೆ 'ನೋಡು'. ಅದರ ಕೆಲಸವೂ ಅದೇ.

ಹಿರಿಯರಿಗೆ ಇದನ್ನು ಹೀಗೆ ಹೇಳಿದರೆ ತಿಳಿಯುತ್ತದೆ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿತ್ತು. ೧೯೬೧ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಕಡತ ಸರ್ಕಾರದ ನೌಕರರ ಕೈಗೆ ಬಂತು. ೨೦೦೦ದ ಸುಮಾರಿಗೆ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಯಾರ ಕೈಯಲ್ಲಿದ್ದರೂ ಕಡತ ಒಂದೇ; ಅದರಲ್ಲಿ ಬರೆದುದನ್ನು ಊರು ನಂಬಬೇಕು. ಬಿಟ್‌ಕಾಯಿನ್ನಿನಲ್ಲಾದರೋ ಇಷ್ಟವಿದ್ದ ಪ್ರತಿಯೊಂದು ಮನೆಯಲ್ಲಿಯೂ ಪೂರ್ಣ ಕಡತ ಉಂಟು. ಒಂದು ಮನೆಯಲ್ಲಿ ತಿದ್ದಿದರೆ ಉಳಿದ ಮನೆಗಳವರು ಒಪ್ಪುವುದಿಲ್ಲ.

ಈಗ ಮನೆಯ ಕಥೆ. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಕೆಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಬೇಸತ್ತು ಊರಿಗೆ ಹಿಂದಿರುಗಿ ಆಲೂಗೆಡ್ಡೆ ಬೆಳೆಯುತ್ತಾನೆ. ಕೈಯಲ್ಲಿ ಉಳಿದಿದ್ದುದರಲ್ಲಿ ಒಂದು ಜೊತೆ ಎತ್ತಿನ ಬೆಲೆಯಷ್ಟನ್ನು ಬಿಟ್‌ಕಾಯಿನ್ನಿಗೆ ಹಾಕಿದ್ದ. ಅದು ಒಂದು ವಿನಿಮಯ ಸಂಸ್ಥೆಯ ವಶದಲ್ಲಿತ್ತು. ಎಂದರೆ ಬೀಗದ ಕೈ ಸಂಸ್ಥೆಯ ಸೊಂಟದಲ್ಲಿತ್ತು. ೨೦೨೪ರ ಜುಲೈ ೧೮ರಂದು ವಜೀರ್‌ಎಕ್ಸ್ ಎಂಬ ಇನ್ನೊಂದು ಸಂಸ್ಥೆಯಿಂದ ಸುಮಾರು ೨೩ ಕೋಟಿ ಡಾಲರು ಬೆಲೆಯ ನಾಣ್ಯಗಳು ಕಳುವಾಗಿ, ಗಿರಾಕಿಗಳು ತಮ್ಮ ಹಣ ತೆಗೆಯದಂತಾಯಿತು. ಅಣ್ಣನ ಹಣ ಅಲ್ಲಿರಲಿಲ್ಲ, ಆದರೂ ಹೆದರಿದ. ಹಳೆಯ ಲ್ಯಾಪ್‌ಟಾಪಿಗೆ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶ ಹಾಕಿ, ಅದರಲ್ಲೊಂದು ವಿಳಾಸ ತೆಗೆದು, ಆಗಸ್ಟಿನಲ್ಲಿ ನಾಣ್ಯವನ್ನು ಆ ವಿಳಾಸಕ್ಕೆ ಕಳುಹಿಸಿದ. ಕಳುಹಿಸಿ, ತಲುಪಿತೋ ಇಲ್ಲವೋ ಎಂದು ಕಾಯದೆ, ಲ್ಯಾಪ್‌ಟಾಪನ್ನು ಮುಚ್ಚಿ ಬೀರುವಿನಲ್ಲಿಟ್ಟ.

೨೦೨೫ರ ಮೇ ತಿಂಗಳು. ಕೃತ್ತಿಕೆ ಮಳೆ ಬಿದ್ದು ಹೊಲ ಹದವಾಗಿತ್ತು. ಬಿತ್ತನೆ ಗೆಡ್ಡೆಗೆ ಹಣ ಬೇಕಾಗಿ ಅಣ್ಣ ಲ್ಯಾಪ್‌ಟಾಪನ್ನು ತೆರೆದು ನೋಡಿದರೆ ವಾಲೆಟ್ಟಿನಲ್ಲಿ ಸೊನ್ನೆ! ಕಾಲೇಜಿಗೆ ಫೋನು ಮಾಡಿ, "ಲೇ, ಎಲ್ಲಾ ಸೊನ್ನೆ ತೋರಿಸ್ತಾ ಐತೆ ಕಣ್ಲಾ" ಎಂದ. ಧ್ವನಿ ನಡುಗುತ್ತಿತ್ತು. ನಾನು ಸಂಜೆಯ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಅವನು ಮೊಬೈಲಿನಲ್ಲಿ ಹುಡುಕಿ ಯಾವುದೋ 'ಸಹಾಯವಾಣಿ'ಗೆ ಕರೆ ಮಾಡಿಬಿಟ್ಟಿದ್ದ. ಅತ್ತ ಕಡೆಯವನು ಬಹು ವಿನಯದಿಂದ, "ನಿಮ್ಮ ಹನ್ನೆರಡು ಪದಗಳನ್ನು ಹೇಳಿ ಸಾರ್, ಐದು ನಿಮಿಷದಲ್ಲಿ ಹಣ ತರಿಸುತ್ತೇನೆ" ಎಂದು ಕೇಳಿದ್ದಾನೆ. ಮನೆಮಂದಿಯೆಲ್ಲ ಆ ಹನ್ನೆರಡು ಪದಗಳಿಗಾಗಿ ಅಟ್ಟ, ಪತ್ರದ ಪೆಟ್ಟಿಗೆ, ಕ್ಯಾಲೆಂಡರಿನ ಹಿಂಬದಿ ಎಲ್ಲವನ್ನೂ ಜಾಲಾಡಿದ್ದಾರೆ. ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ. ಬಹುಪಾಲು ವಾಲೆಟ್ಟುಗಳು ೨೦೪೮ ಪದಗಳ ಒಂದು ಪಟ್ಟಿಯಿಂದ ೧೨ ಅಥವಾ ೨೪ ಪದಗಳನ್ನು ಆರಿಸಿಕೊಡುತ್ತವೆ. ಆ ಪದಗಳೇ ಬೀಗದ ಕೈ. ಅವನ್ನು ಕೇಳಿಸಿಕೊಂಡವನೇ ಧಣಿ. ಆದರೆ ಬಿಟ್‌ಕಾಯಿನ್ ಕೋರ್ ಈ ಪದ್ಧತಿಯನ್ನು ಅನುಸರಿಸುವುದಿಲ್ಲ. ಅದರ ಬೀಗದ ಕೈಗಳಿರುವುದು ಒಂದು ಕಡತದಲ್ಲಿ. ಇಲ್ಲದ ಪದಗಳನ್ನು ಕೇಳಿದಾಗಲೇ ಆ ವಿನಯವಂತನ ಬಂಡವಾಳ ಬಯಲಾಯಿತು. ಅಣ್ಣನ ಹಣ ಉಳಿದದ್ದು ಜಾಣತನದಿಂದಲ್ಲ, ಹೇಳಲು ಅವನ ಬಳಿ ಏನೂ ಇರದಿದ್ದುದರಿಂದ.

ಸೊನ್ನೆಯ ರಹಸ್ಯ ಪರದೆಯ ಕೆಳಗಿನ ಒಂದು ಸಣ್ಣ ಸಾಲಿನಲ್ಲಿತ್ತು: ೩೮ ವಾರ ಹಿಂದೆ. ನೋಡ್ ಕಳೆದ ಆಗಸ್ಟಿನಲ್ಲೇ ನಿದ್ದೆ ಹೋಗಿತ್ತು. ನಾಣ್ಯ ಬಂದ ಪುಟ ಅದು ಓದಿದ ಕೊನೆಯ ಪುಟದ ಮುಂದೆ ಇತ್ತು. ಓದದ ಪುಟದಲ್ಲಿರುವುದು ಅದಕ್ಕೆ ಹೇಗೆ ತಿಳಿಯಬೇಕು? ಹಣ ಎಲ್ಲಿಯೂ ಹೋಗಿರಲಿಲ್ಲ. ಅಲ್ಲಿಗೆ ಸುಮ್ಮನೆ ಕಾದಿದ್ದರೆ ಒಂದೆರಡು ದಿನಗಳಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಬರೆಯುತ್ತಿದ್ದ ಪುಟ ಅರ್ಧಕ್ಕೇ ನಿಂತು, ಬೆಳಿಗ್ಗೆ ತೆರೆದರೆ ದತ್ತಸಂಗ್ರಹ ಕೆಟ್ಟಿದೆ, ಮತ್ತೆ ಕಟ್ಟಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ.

ಇಲ್ಲಿ ಬಹು ಜನ ಮಾಡುವ ತಪ್ಪನ್ನು ನಾವೂ ಮಾಡುವುದರಲ್ಲಿದ್ದೆವು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣ ಎಂದು ಅಣ್ಣ ಅವಸರಪಟ್ಟ. ಆ ತಂತ್ರಾಂಶದಲ್ಲಿ ಲೆಕ್ಕದ ಪುಟಗಳೂ ಬೀಗದ ಕೈಯ ಕಡತವೂ, ಬೇರೆಡೆ ಇಡು ಎಂದು ನಾವು ಹೇಳದಿದ್ದರೆ, ಒಂದೇ ಕೋಶದೊಳಗಿರುತ್ತವೆ. ಪುಟಗಳು ಹೋದರೆ ಲೋಕದಲ್ಲಿ ಸಾವಿರಾರು ಮನೆಗಳಿಂದ ಪುನಃ ತರಬಹುದು. ಬೀಗದ ಕೈ ಹೋದರೆ ಬ್ರಹ್ಮನೂ ತರಲಾರ. ಆದಕಾರಣ ಮೊದಲು ಆ ಕಡತವನ್ನು ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ನಮ್ಮ ಮನೆಯಲ್ಲಿಟ್ಟು, ಅನಂತರ 'ಕಟ್ಟು' ಎಂದೆವು. ಪೂರ್ಣ ಪುಸ್ತಕ ೬೦೦ ಗಿಗಾಬೈಟಿಗೂ ಮೀರಿದ್ದು. ಲ್ಯಾಪ್‌ಟಾಪಿನ ಡಿಸ್ಕು ೫೦೦ರದು. ಆದ್ದರಿಂದ ಓದಿದ ಹಳೆಯ ಪುಟಗಳನ್ನು ಹರಿದು ಬಿಸಾಡುತ್ತ ಹೋಗುವ ಕ್ರಮದಲ್ಲಿ ಅಣ್ಣ ಅದನ್ನಿಟ್ಟಿದ್ದ. ಅದು ತಪ್ಪಲ್ಲ, ಸಣ್ಣ ಯಂತ್ರದವರಿಗೆಂದೇ ಮಾಡಿರುವ ಅನುಕೂಲ. ಆದರೆ ಹಾಗೆ ಹರಿದವರು ಮತ್ತೆ ಕಟ್ಟಬೇಕಾದಾಗ ೨೦೦೯ರ ಮೊದಲ ಪುಟದಿಂದಲೇ ಎಲ್ಲವನ್ನೂ ತರಿಸಿ ಓದಬೇಕು. ಹದಿನಾರು ದಿನ ಹಿಡಿಯಿತು. ಅಷ್ಟರಲ್ಲಿ ಬಿತ್ತನೆಯ ಕಾಲ ಮೀರುತ್ತಿದ್ದುದರಿಂದ ಅತ್ತಿಗೆಯ ಬಳೆ ಅಡವಿಗೆ ಹೋಯಿತು. ಆ ಕಡತವನ್ನು ಪೂರ್ಣ ಪುಸ್ತಕವಿರುವ ಬೇರೊಂದು ಯಂತ್ರಕ್ಕೆ ಒಯ್ದಿದ್ದರೆ ಒಂದೇ ದಿನದಲ್ಲಿ ಕೆಲಸವಾಗುತ್ತಿತ್ತೆಂದು ನನಗೆ ತಿಳಿದದ್ದು ಬಳೆ ಅಡವಿಟ್ಟ ಮೇಲೆ. ಅತ್ತಿಗೆಯ ಮುಂದೆ ಈ ಮಾತನ್ನು ಇದುವರೆಗೂ ಎತ್ತಿಲ್ಲ. ಅವರು ಈ ಸಂಚಿಕೆಯನ್ನು ಓದಲಾರರೆಂದು ನಂಬಿದ್ದೇನೆ.

ಹಳ್ಳಿಯವರ ಅಜ್ಞಾನವೆಂದು ನಗುವವರು ಬೆಂಗಳೂರಿನ ಕಡೆ ತಿರುಗಿ ನೋಡಬೇಕು. ೨೦೨೦ರ ನವೆಂಬರಿನಲ್ಲಿ ಅಲ್ಲಿಯ ಅಪರಾಧ ಪತ್ತೆ ದಳದವರು ಒಬ್ಬ ತರುಣನನ್ನು ಬಂಧಿಸಿ, ೨೦೨೧ರ ಜನವರಿಯಲ್ಲಿ ಸುಮಾರು ೯ ಕೋಟಿ ರೂಪಾಯಿ ಬೆಲೆಯ ೩೧ ಬಿಟ್‌ಕಾಯಿನ್ ವಶಪಡಿಸಿಕೊಂಡೆವೆಂದು ಪ್ರಕಟಿಸಿದರು. ಅದೇ ವರ್ಷ ನವೆಂಬರಿನಲ್ಲಿ ಪೊಲೀಸರೇ ಕೊಟ್ಟ ವಿವರಣೆ ಬೇರೆಯಾಗಿತ್ತು: ಆರೋಪಿ ತನ್ನದೆಂದು ತೋರಿಸಿದ ವಾಲೆಟ್ಟು ಒಂದು ವಿನಿಮಯ ಸಂಸ್ಥೆಯದು, ಅದರ ಬೀಗದ ಕೈ ಅವನ ಬಳಿ ಇರಲಿಲ್ಲ. ಇದರಲ್ಲಿ ಸೋಜಿಗವೇನೂ ಇಲ್ಲ. ಬಿಟ್‌ಕಾಯಿನ್ನಿನ ಕಡತ ಲೋಕಕ್ಕೆಲ್ಲ ತೆರೆದಿರುವುದರಿಂದ ಯಾರ ವಿಳಾಸವನ್ನು ಬೇಕಾದರೂ ನಮ್ಮ ವಾಲೆಟ್ಟಿನಲ್ಲಿ 'ನೋಡುವುದಕ್ಕೆ ಮಾತ್ರ' ಎಂದು ಸೇರಿಸಿಕೊಳ್ಳಬಹುದು. ಮೊತ್ತ ಕಣ್ಣಿಗೆ ಕಾಣುತ್ತದೆ. ಮೈಸೂರು ರಸ್ತೆಯಲ್ಲಿ ಇನ್ನೊಬ್ಬರಿಗೆ ಸೇರಿದ ತೋಟದ ಪಹಣಿಯನ್ನು ನಾನು ಶುಲ್ಕ ಕೊಟ್ಟು ತೆಗೆಸಿಕೊಂಡರೆ ತೋಟ ನನ್ನದಾಗುವುದೆ? ಆ ಪ್ರಕರಣಕ್ಕೆ ೨೦೨೩ರಲ್ಲಿ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು. ಪೊಲೀಸರಿಗೆ ಎಡವಟ್ಟಾಗುವ ಕಡೆ ನಮ್ಮ ಅಣ್ಣನಿಗೆ ಆಗಬಾರದೆಂದು ಏನಿದೆ?

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು, ಸರ್ಕಾರದ ಮುದ್ರೆಯಿಲ್ಲದ್ದು ನಾಣ್ಯವೇ ಅಲ್ಲ, ಅದನ್ನು ಕಲಿಸುವುದೇ ಅದಕ್ಕೆ ಮರ್ಯಾದೆ ಕೊಟ್ಟಂತೆ ಎನ್ನುತ್ತಾರೆ. ಅವರಲ್ಲಿ ನನಗೆ ಗೌರವವುಂಟು. ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ ಕೂಡ. ಆದರೆ ರಿಸರ್ವ್ ಬ್ಯಾಂಕು ೨೦೧೮ರ ಏಪ್ರಿಲಿನಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ತೆಗೆದುಹಾಕಿತು. ೨೦೨೨ರ ಏಪ್ರಿಲಿನಿಂದ ಸರ್ಕಾರವೇ ಲಾಭದ ಮೇಲೆ ಶೇಕಡ ೩೦ ತೆರಿಗೆ ಹಾಕಿತು. ತೆರಿಗೆಯನ್ನು ಎಣಿಸಿ ತೆಗೆದುಕೊಳ್ಳುವ ವಸ್ತುವನ್ನು ಇಲ್ಲವೆಂದುಕೊಂಡು ಪಾಠ ಮುಗಿಸುವುದು ಹೇಗೆ? ನಮ್ಮ ತರಗತಿಯಲ್ಲಿಯೇ ಎಷ್ಟು ಮಂದಿಯ ಮೊಬೈಲಿನಲ್ಲಿ ಇದರ ಆ್ಯಪು ಇದೆಯೆಂದು ಅಧ್ಯಾಪಕರು ಕೇಳಿದರೆ ಕೈಗಳು ಏಳಲಾರವು; ಹಿಂದಿನ ಬೆಂಚಿನವರು ಕೇಳಿದರೆ ಏಳುತ್ತವೆ.

ಇದು ಕಂಪ್ಯೂಟರ್ ವಿಭಾಗದವರ ಕೆಲಸ, ಕಲಾ ವಿದ್ಯಾರ್ಥಿಗಳಿಗೇಕೆ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಮುಖ್ಯವಾಗಿ ಭಾಷೆಯ ಕೆಲಸ. ಆ ೨೦೪೮ ಪದಗಳ ಪಟ್ಟಿ ಇಂಗ್ಲಿಷಿನದು. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಫ್ರೆಂಚ್, ಝೆಕ್ ಮೊದಲಾದವುಗಳ ಪಟ್ಟಿಗಳೂ ಉಂಟು. ಭಾರತದ ಒಂದು ಭಾಷೆಯೂ ಇಲ್ಲ. ಕನ್ನಡದ ಪಟ್ಟಿಯೊಂದನ್ನು ಮಾಡಿರೆಂದು ಕೂಗಬೇಕೆಂದು ನನಗೂ ಮೊದಲು ಆವೇಶ ಬಂದಿತ್ತು. ಬೇರೆ ಬೇರೆ ವಾಲೆಟ್ಟುಗಳು ಬಹುಪಾಲು ಇಂಗ್ಲಿಷ್ ಪಟ್ಟಿಯನ್ನೇ ಬಲ್ಲವಾದುದರಿಂದ, ಕನ್ನಡದಲ್ಲಿ ಬರೆದಿಟ್ಟವನು ಮುಂದೆ ಬೇರೊಂದು ವಾಲೆಟ್ಟಿಗೆ ಹೋಗಲಾರದೆ ಸಿಕ್ಕಿಬೀಳುತ್ತಾನೆಂದು ತಿಳಿದ ಮೇಲೆ ಸುಮ್ಮನಾದೆ. ಆದರೆ ಆ ಇಂಗ್ಲಿಷ್ ಪದಗಳನ್ನು ನಮ್ಮವರು ಬರೆದಿಡುವುದು ಹೇಗೆ? ಕನ್ನಡ ಲಿಪಿಯಲ್ಲಿ 'ಸನ್' ಎಂದು. ಎರಡು ವರ್ಷ ಬಿಟ್ಟು ಅದನ್ನು ಓದಿದಾಗ ಅದು ಸೂರ್ಯನೋ ಮಗನೋ? ಪಟ್ಟಿಯಲ್ಲಿರುವುದು ಸೂರ್ಯ, ಮಗನೆಂದು ಬರೆದರೆ ಬಾಗಿಲು ತೆರೆಯದು. ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದಲೇ ಪ್ರತಿಯೊಂದು ಪದವೂ ಗುರುತಾಗುವಂತೆ ಆ ಪಟ್ಟಿಯನ್ನು ಜೋಡಿಸಿದ್ದಾರೆ. ಲಿಪಿ ಬದಲಾದೊಡನೆ ಆ ಅನುಕೂಲ ಹೋಯಿತು. ಇಂಥ ಒಂದು ಎಚ್ಚರಿಕೆಯನ್ನು ಕನ್ನಡದಲ್ಲಿ ಕಂಡವರಿದ್ದರೆ ನನಗೆ ತಿಳಿಸಬೇಕು.

ಆದುದರಿಂದ ನಮ್ಮ ಕನ್ನಡ ಸಂಘದವರಲ್ಲಿ ನನ್ನ ಬಿನ್ನಹ: ಈ ವರ್ಷ ಒಂದು ಸಂಜೆಯನ್ನು ಇದಕ್ಕೆ ಕೊಡಿ. ಬಿಟ್‌ಕಾಯಿನ್ ಕೋರ್‌ನಲ್ಲಿ, ಇಂಟರ್‌ನೆಟ್ಟಿನ ಹಂಗಿಲ್ಲದೆ ಒಂದೇ ಯಂತ್ರದೊಳಗೆ, ಕಾಸಿನ ಬೆಲೆಯೂ ಇಲ್ಲದ ನಾಣ್ಯಗಳನ್ನು ಹುಟ್ಟಿಸಿ, ಕಳುಹಿಸಿ, ಕಳೆದು, ಹುಡುಕಿ ಕಲಿಯುವ ಏರ್ಪಾಡು ಇದೆ. ನಮ್ಮ ಪ್ರಯೋಗಶಾಲೆಯ ಹಳೆಯ ಕಂಪ್ಯೂಟರು ಅದಕ್ಕೆ ಸಾಕು. ಆ ಯಂತ್ರ ಕೊಡುವ ಒಂದೊಂದು ದೂರಿಗೂ ದುದ್ದದ ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ನಾವು ಎರಡೆರಡು ಸಾಲು ಬರೆಯೋಣ. ವಾಲೆಟ್ಟಿಗೆ 'ಬೀಗದ ಕೈಗೊಂಚಲು' ಎಂಬ ನನ್ನ ಪದಕ್ಕೆ ಯಾರಾದರೂ ಇನ್ನೂ ಚೆನ್ನಾದುದನ್ನು ಸೂಚಿಸಿದರೆ ಸೋತೆನೆಂದು ಒಪ್ಪಿ ಕಾಫಿ ಕೊಡಿಸುತ್ತೇನೆ.

ಹದಿನಾರನೆಯ ದಿನ ಸಂಜೆ ನಾಣ್ಯ ಕಾಣಿಸಿತು. ಅಣ್ಣ ಅದರಲ್ಲಿ ಸ್ವಲ್ಪ ಮಾರಿ ಬಳೆ ಬಿಡಿಸಿಕೊಂಡು ಬಂದ. ಬಳೆ ತೊಡುತ್ತ ಅತ್ತಿಗೆ ಕೇಳಿದರು: "ಅಲ್ಲ, ನಿಮಗೇನಾರ ಆದ್ರೆ ಇದನ್ನ ಯಾರು ತೆಗೀಬೇಕು? ಜಮೀನಿಗಾದ್ರೆ ಪೌತಿ ಖಾತೆ ಅಂತ ಮಾಡ್ಕೊಡ್ತಾರೆ. ಇದ್ಕೆ ಯಾವ ಆಫೀಸಿಗೆ ಹೋಗ್ಬೇಕು?" ಯಾವ ಆಫೀಸೂ ಇಲ್ಲ. ಕಡತ ಎರಡು ಪೆನ್‌ಡ್ರೈವುಗಳಲ್ಲಿದ್ದರೂ ಅದನ್ನು ತೆರೆಯುವ ಗುಪ್ತಪದ ಅಣ್ಣನ ತಲೆಯೊಳಗೆ ಮಾತ್ರ ಇತ್ತು. ಅವನು ನನ್ನ ಮುಖ ನೋಡಿದ. ನಾನು ಪುಸ್ತಕದ ಚೀಲದಿಂದ ಒಂದು ಹಾಳೆಯನ್ನು ಹರಿದು, ಪೆನ್ನಿನ ಜೊತೆಗೆ ಅವನ ಮುಂದಿಟ್ಟು, ದನ ಕಟ್ಟುವ ನೆಪದಲ್ಲಿ ಕೊಟ್ಟಿಗೆಯ ಕಡೆ ಹೋದೆ.