ಪೊಟ್ಟಣದ ಮೇಲಿನ ನಂಬರು ಯಾರದು?

ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ಗೃಹಿಣಿಯರು ಇವತ್ತು ಯಾವ ಊರಿನಲ್ಲಿಲ್ಲ ಹೇಳಿ? ಅಂಥ ಸೋದರಿಯರು ಈಚೆಗೆ ಕೇಳುವ ಪ್ರಶ್ನೆ ಒಂದೇ. “ಕ್ಲೌಡ್ ಫೋನ್ ತಗೊಳ್ಳಿ ಅಂತ ಏಜೆಂಟರು ದುಂಬಾಲು ಬೀಳ್ತಾರೆ. ನಮ್ಮಂಥ ಚಿಕ್ಕ ವ್ಯಾಪಾರದವರಿಗೆ ಅದು ಬೇಕಾ?” ಕೆಲವರಿಗೆ ಬೇಕು, ಎಲ್ಲರಿಗೂ ಬೇಡ. ಮೊದಲು ಅದೇನು ಅಂತ ನೋಡೋಣ.

ಹಿಂದೆ ದೊಡ್ಡ ಅಂಗಡಿ, ಲಾಡ್ಜು, ನರ್ಸಿಂಗ್ ಹೋಮುಗಳಲ್ಲಿ ಗೋಡೆಗೆ ಒಂದು ಪೆಟ್ಟಿಗೆ ಬಡಿದಿರುತ್ತಿದ್ದರು. ಹೊರಗಿನಿಂದ ಬಂದ ಕರೆಯನ್ನು ಗಲ್ಲಾಕ್ಕೆ, ಗೋದಾಮಿಗೆ, ಯಜಮಾನರ ಕೋಣೆಗೆ ಹಂಚುವುದು ಅದರ ಕೆಲಸ. ಅದು ಕೆಟ್ಟರೆ ರಿಪೇರಿಯವನು ಬರುವತನಕ ಫೋನುಗಳೆಲ್ಲ ಮೂಕ. ಈಗ ಆ ಪೆಟ್ಟಿಗೆಯ ಕೆಲಸವನ್ನು ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರು ಮಾಡುತ್ತದೆ. ಅದಕ್ಕೇ ಕ್ಲೌಡ್ ಅಂತ ಹೆಸರು. ಆಕಾಶದ ಮೋಡಕ್ಕೂ ಇದಕ್ಕೂ ಸಂಬಂಧವೇನಿಲ್ಲ. ಕಂಪನಿ ನಿಮಗೊಂದು ನಂಬರನ್ನು ಬಾಡಿಗೆಗೆ ಕೊಡುತ್ತದೆ. ಗಿರಾಕಿ ಆ ನಂಬರಿಗೆ ಮಾಡಿದರೆ ನೀವು ಹೇಳಿಟ್ಟ ಮೊಬೈಲುಗಳಿಗೆ ಕರೆ ಬರುತ್ತದೆ. ನೀವು ಎಣ್ಣೆ ಬಾಣಲೆಯ ಮುಂದೆ ಇದ್ದೀರಾ, ಓರಗಿತ್ತಿಯ ಫೋನು ಬಡಿದುಕೊಳ್ಳುತ್ತದೆ. ಅವರೂ ಎತ್ತಲಿಲ್ಲವೋ, ಮಗಳದು. ಯಾರೂ ಎತ್ತದಿದ್ದರೂ ಯಾರ ಕರೆ ತಪ್ಪಿತು ಅನ್ನುವ ಪಟ್ಟಿ ಉಳಿದಿರುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಎಕ್ಸೊಟೆಲ್ 2011ರಿಂದ ಇದೇ ಕೆಲಸ ಮಾಡುತ್ತಿದೆ; ಬೇರೆಯವರೂ ಇದ್ದಾರೆ.

ನಮಗೆ ಇದರ ನಿಜವಾದ ಉಪಯೋಗ ಬೇರೆ ಇದೆ. ಪೊಟ್ಟಣ ಕಟ್ಟಿ ಮಾರುವ ಸಾಮಾನಿನ ಮೇಲೆ, ಗ್ರಾಹಕರು ದೂರು ಹೇಳಲು ಹೆಸರು, ವಿಳಾಸ, ಫೋನ್ ನಂಬರು ಅಚ್ಚು ಹಾಕಬೇಕು ಅಂತ 2011ರ ಪೊಟ್ಟಣ ಸಾಮಗ್ರಿಗಳ ನಿಯಮವೇ ಹೇಳುತ್ತದೆ. ನಾವು ಏನು ಮಾಡ್ತೀವಿ? ಇರುವ ಒಂದೇ ನಂಬರನ್ನು, ತವರಿನವರಿಗೂ ಮಕ್ಕಳ ಶಾಲೆಗೂ ಬ್ಯಾಂಕಿಗೂ ಕೊಟ್ಟಿರುವ ಅದೇ ನಂಬರನ್ನು, ಅಚ್ಚು ಹಾಕಿಸ್ತೀವಿ. ಆಮೇಲೆ ರಾತ್ರಿ ಹನ್ನೊಂದಕ್ಕೆ ಯಾರೋ ಕುಡಿದವನು ಫೋನ್ ಮಾಡಿ “ಮೇಡಂ, ಊಟ ಆಯ್ತಾ?” ಅಂತಾನೆ. ಮನೆಯಲ್ಲಿ ಮುಖ ಗಂಟಾಗುತ್ತದೆ. “ಸಾಕು ಮಾಡು ನಿನ್ನ ವ್ಯಾಪಾರ” ಅನ್ನುವ ಮಾತು ಅಲ್ಲಿಂದಲೇ ಶುರು. ಎಷ್ಟು ಮನೆಗಳಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೆಲಸ ಇಂಥ ಒಂದು ಕರೆಗೆ ನಿಂತುಹೋಗಿಲ್ಲ! ಕ್ಲೌಡ್ ನಂಬರಿನಲ್ಲಿ ನಿಮ್ಮ ಸ್ವಂತ ನಂಬರು ಗಿರಾಕಿಗೆ ಕಾಣುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಾತ್ರ ಕರೆ ಬರಲಿ ಅಂತ ಗೊತ್ತುಮಾಡಬಹುದು.

ಇನ್ನು ಏಜೆಂಟರು ಹೇಳದೆ ಬಿಡುವ ಮಾತು. ಮೊಬೈಲ್ ನಂಬರನ್ನು 2011ರ ಜನವರಿ 20ರಿಂದ ದೇಶದ ಎಲ್ಲ ಕಡೆಯೂ ಕಂಪನಿ ಬದಲಿಸಿದರೂ ಉಳಿಸಿಕೊಳ್ಳಬಹುದು. ಬಾಡಿಗೆ ನಂಬರಿನ ವಿಷಯದಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡಿ. ದುಡ್ಡು ಕಟ್ಟುವುದು ನಿಂತ ಮೇಲೆ ಅದು ಕಂಪನಿಯ ಕೈಗೆ ವಾಪಸು ಹೋಗಬಹುದು. ಅಚ್ಚಾದ ಸಾವಿರ ಕವರು, ಹತ್ತು ವರ್ಷದ ಗಿರಾಕಿಗಳು, ಎಲ್ಲಾ ಆ ನಂಬರಿನ ಹಿಂದೆಯೇ ಹೋಗ್ತಾರೆ. “ನಾಳೆ ನಾನು ಬಿಟ್ಟರೆ ನಂಬರು ಏನಾಗುತ್ತೆ?” ಅಂತ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ನನಗೆ ಸರಿಕಂಡ ದಾರಿ ಹೀಗೆ. ವ್ಯಾಪಾರಕ್ಕೆಂದೇ ಬೇರೆ ಸಿಮ್ ಕೊಳ್ಳಿ, ನಿಮ್ಮ ಹೆಸರಿನಲ್ಲೇ. ಪೊಟ್ಟಣದ ಮೇಲೆ ಅದನ್ನೇ ಅಚ್ಚು ಹಾಕಿಸಿ, ಅದಕ್ಕೆ ಬಂದ ಕರೆಯನ್ನು ಫೋನಿನ ಸೆಟ್ಟಿಂಗಿನಿಂದ ಕ್ಲೌಡ್ ನಂಬರಿಗೆ ತಿರುಗಿಸಿ. ಕಂಪನಿ ಸರಿಬರಲಿಲ್ಲವೋ, ತಿರುಗಿಸಿದ್ದನ್ನು ತೆಗೆದರೆ ಮುಗಿಯಿತು, ನಂಬರು ನಿಮ್ಮಲ್ಲೇ ಇರುತ್ತದೆ. ಹಾಗೆ ತಿರುಗುವ ಕರೆಗೆ ನಿಮ್ಮ ಪ್ಲಾನಿನಲ್ಲಿ ಬೇರೆ ದುಡ್ಡು ಬೀಳುತ್ತದೆಯೇ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ, ರೀಚಾರ್ಜು ಮರೆಯಬೇಡಿ.

ನಿಮ್ಮ ಹೆಸರಿನಲ್ಲೇ ಅಂದೆನಲ್ಲ, ಅದಕ್ಕೆ ಕಾರಣವಿದೆ. ಎಷ್ಟೋ ಮನೆಗಳಲ್ಲಿ ಹಿಟ್ಟು ನಾದುವ ಕೈ ಹೆಂಗಸಿನದು, ಸಿಮ್ ಯಜಮಾನರದೋ ಮೈದುನನದೋ. ಚೆನ್ನಾಗಿರುವಷ್ಟು ದಿನ ಏನೂ ಇಲ್ಲ. ಆದರೆ ಸಿಮ್ ಕಳೆದರೆ, ಕಂಪನಿ ಬದಲಿಸಬೇಕಾದರೆ, ಮನೆ ಪಾಲಾದರೆ, ಹೆಸರಿದ್ದವರ ಸಹಿಯೇ ನಡೆಯುವುದು. ಜಗಳ ಹಚ್ಚಲು ಹೇಳುತ್ತಿಲ್ಲ ತಾಯಿ, ದಾಖಲೆಯ ಮಾತು ಹೇಳುತ್ತಿದ್ದೇನೆ. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರಿದೆ ಅಂತ ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ಕ್ಲೌಡ್ ಕಂಪನಿಗೂ ಪ್ಯಾನ್ ಕಾರ್ಡು, ವ್ಯಾಪಾರದ ದಾಖಲೆ ಕೊಡಬೇಕಾಗುತ್ತದೆ. ಉದ್ಯಮ್ ನೋಂದಣಿ ಮಾಡಿಸದಿದ್ದರೆ ಮಾಡಿಸಿ, ಅದಕ್ಕೆ ದುಡ್ಡಿಲ್ಲ.

ಕರೆ ತಿರುಗಿಸುವುದರಲ್ಲಿ ಮೋಸವೂ ಇದೆ. “ನಾವು ಫೋನ್ ಕಂಪನಿಯವರು, ಸ್ಟಾರ್ ಒತ್ತಿ ಈ ಅಂಕಿ ಹಾಕಿ” ಅಂತ ಯಾರಾದರೂ ಹೇಳಿದರೆ ಒತ್ತಲೇಬೇಡಿ. ನಿಮ್ಮ ಕರೆಗಳೆಲ್ಲ ಅವರಿಗೆ ಹೋಗುವ ಹಾಗೆ ಮಾಡುವ ಹೂಟ ಅದು. ಇಂಥ ಮೋಸ ಹೆಚ್ಚಾಗಿಯೇ 2024ರ ಏಪ್ರಿಲ್ 15ರಿಂದ ಅಂಕಿ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಕೊಟ್ಟ ನಂಬರನ್ನು ಈ ಗೊಂದಲದೊಳಕ್ಕೆ ತರಲೇಬೇಡಿ.

ದಿನಕ್ಕೆ ಐದಾರು ಆರ್ಡರು ಬರುವವರಿಗೆ ಎರಡು ಸಿಮ್ಮಿನ ಫೋನೇ ಧಾರಾಳ. ತಿಂಗಳ ಬಾಡಿಗೆ ಯಾಕೆ ಕಟ್ಟಬೇಕು? ಮೂರು ನಾಲ್ಕು ಜನ ಸೇರಿ ಮಾಡುವವರು, ಹಬ್ಬ ಬಂದರೆ ಕರೆ ತಪ್ಪಿಹೋಗುವವರು ಯೋಚಿಸಲಿ. ಮಲೆನಾಡಿನವರು ತಮ್ಮ ಮನೆಯಲ್ಲಿ ಸಿಗ್ನಲ್ ನಿಲ್ಲುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ. ಮೊಬೈಲಿಗೇ ಸಿಗ್ನಲ್ ಇಲ್ಲದಿದ್ದರೆ ಕ್ಲೌಡ್ ಏನು ಮಾಡೀತು?

ಒಂದು ಒತ್ತಿ, ಎರಡು ಒತ್ತಿ ಅನ್ನುವ ಧ್ವನಿಯನ್ನು ನಮ್ಮ ವ್ಯಾಪಾರಕ್ಕೆ ಹಾಕಿಸಬೇಡಿ. ಅಜ್ಜಿಯರು ಅದನ್ನು ಕೇಳಿ ಫೋನ್ ಇಟ್ಟುಬಿಡ್ತಾರೆ. ನಿಮ್ಮದೇ ಧ್ವನಿಯಲ್ಲಿ “ನಮಸ್ಕಾರ, ಸ್ವಲ್ಪ ತಾಳಿ, ಬಂದೆ” ಅಂತ ಇಡಿಸಿದರೆ ಸಾಕು. ಶುರುಮಾಡುವುದಾದರೆ ಗೌರಿ ಹಬ್ಬದ ಹೊತ್ತಿಗೆ ಬೇಡ, ಆಷಾಢದಲ್ಲಿ ಮಾಡಿ. ಮದುವೆ ಮುಂಜಿ ಇರುವುದಿಲ್ಲ, ಏನಾದರೂ ತೊಡಕಾದರೆ ಸರಿಪಡಿಸಿಕೊಳ್ಳಲು ಪುರುಸೊತ್ತು ಇರುತ್ತದೆ.