ಕ್ರಿಕೆಟ್ಟಿಗೆ ದುಬೈ ಸಿಕ್ಕಿತು, ಖೋ ಖೋಗೆ ಏಕಿಲ್ಲ?

ಮಾಲೂರು ಸಮುದ್ರ ಕಂಡ ಊರಲ್ಲ. ನಮ್ಮ ತಾಲ್ಲೂಕಿನ ಬಹುಮಂದಿ ಮಕ್ಕಳು ಸಮುದ್ರವನ್ನು ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ನೀಲಿ ಬಣ್ಣದಲ್ಲಿ ಕಂಡವರೇ ಹೊರತು ಕಣ್ಣಾರೆ ಕಂಡವರಲ್ಲ. ಆ ನೀಲಿಯ ಸುತ್ತಲೂ ಹಿಮಾಲಯದ ಬುಡದಲ್ಲೂ ಇರುವ ನೆರೆಯ ದೇಶಗಳು ಸೇರಿ ನಡೆಸುತ್ತಿದ್ದ ಕ್ರೀಡಾಕೂಟವೊಂದು ನಿಂತುಹೋಗಿದೆ. ಅದರಿಂದ ಮಾಲೂರಿನ ಇಟ್ಟಿಗೆ ಗೂಡಿನ ಮಕ್ಕಳಿಗೂ ನಷ್ಟವಾಗಿದೆ ಎಂದರೆ ಓದುಗರು ನಗಬಹುದು. ನಗುವ ಮುನ್ನ ಕೊಂಚ ಕೇಳಬೇಕೆಂದು ವಿನಂತಿ.

ದಕ್ಷಿಣ ಏಷ್ಯಾ ಕ್ರೀಡಾಕೂಟ 1984ರಲ್ಲಿ ಕಾಠ್ಮಂಡುವಿನಲ್ಲಿ ಆರಂಭವಾಯಿತು. ಭಾರತ, ಪಾಕಿಸ್ತಾನ, ಬಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ, ಮಾಲ್ಡೀವ್ಸ್ ಎಂಬ ಏಳು ದೇಶಗಳು, ಐದೇ ಆಟಗಳು. ಅಫ್ಘಾನಿಸ್ತಾನ 2004ರಲ್ಲಿ ಸೇರಿತು. 1995ರ ಡಿಸೆಂಬರಿನಲ್ಲಿ ಏಳನೆಯ ಕೂಟ ಮದ್ರಾಸಿನಲ್ಲಿ ನಡೆಯಿತು. ನಮ್ಮ ಸ್ಟೇಷನ್ನಿನಲ್ಲಿ ಹಾದುಹೋಗುವ ರೈಲಿನಲ್ಲಿ ಕುಳಿತರೆ ಸಾಕು, ಅಲ್ಲಿಗೆ ಮುಟ್ಟಬಹುದಿತ್ತು. ಹದಿಮೂರನೆಯದು 2019ರ ಡಿಸೆಂಬರಿನಲ್ಲಿ ನೇಪಾಳದಲ್ಲಾಯಿತು. ಹದಿನಾಲ್ಕನೆಯದು 2021ರಲ್ಲಿ ಪಾಕಿಸ್ತಾನದಲ್ಲಿ ಎಂದರು. ಆಗಲಿಲ್ಲ. 2024ರ ಮಾರ್ಚ್ ಎಂದರು. ಅದೂ ಆಗಲಿಲ್ಲ. 2025ರ ಕೊನೆಯ ದಿನದವರೆಗೂ ಅದು ನಡೆದಿರಲಿಲ್ಲ. ಆರು ವರ್ಷ! ಒಬ್ಬ ಆಟಗಾರನ ಆಯುಸ್ಸಿನಲ್ಲಿ ಆರು ವರ್ಷವೆಂದರೆ ರೈತನ ಪಾಲಿಗೆ ಆರು ಮುಂಗಾರು ಕೈಕೊಟ್ಟ ಹಾಗೆ.

ಹೋದರೆ ಹೋಗಲಿ, ಆ ಕೂಟದಲ್ಲಿ ಏನಿದೆ, ಎಲ್ಲ ಪದಕಗಳನ್ನೂ ಭಾರತವೇ ಬಾಚಿಕೊಳ್ಳುತ್ತದೆಯಲ್ಲ ಎನ್ನುವವರಿದ್ದಾರೆ. ನಿಜ. 2016ರಲ್ಲಿ ಗೌಹಾಟಿ-ಷಿಲ್ಲಾಂಗಿನಲ್ಲಿ ಭಾರತಕ್ಕೆ 189 ಚಿನ್ನ, 2019ರಲ್ಲಿ 174. ಊರಿನ ಪಟೇಲರು ಕೇರಿಯ ಹುಡುಗರೊಡನೆ ಗೋಲಿಯಾಡಿ ಗೆದ್ದು ಮೀಸೆ ತಿರುವಿದ ಹಾಗೆ ಇದೂ ಕಂಡೀತು. ಆದರೆ ಗೆದ್ದವರ ಲೆಕ್ಕವೊಂದನ್ನೇ ಓದಿದರೆ ಈ ಕೂಟದ ಬೆಲೆ ತಿಳಿಯುವುದಿಲ್ಲ. 2010ರಲ್ಲಿ ಢಾಕಾದಲ್ಲಿ ಹೆಂಗಸರ ನೂರು ಮೀಟರ್ ಓಟದಲ್ಲಿ ಮೊದಲು ಬಂದವಳು ನಸೀಮ್ ಹಮೀದ್, ಕರಾಚಿಯ ಕೋರಂಗಿ ಎಂಬ ಕೂಲಿಕಾರರ ಬಡಾವಣೆಯ ಬಡವರ ಮನೆಯ ಹುಡುಗಿ. 2019ರಲ್ಲಿ ಗಂಡಸರ ನೂರು ಮೀಟರ್ ಓಟವನ್ನು ಗೆದ್ದವನು ಮಾಲ್ಡೀವ್ಸ್‌ನ ಹಸನ್ ಸಾಯಿದ್. ಮೂವತ್ತೈದು ವರ್ಷಗಳಲ್ಲಿ ಆ ಪುಟ್ಟ ದ್ವೀಪ ರಾಷ್ಟ್ರಕ್ಕೆ ಈ ಕೂಟದಲ್ಲಿ ದೊರೆತ ಮೊದಲ ಚಿನ್ನವದು. ನೂರಾನಲವತ್ತು ಕೋಟಿಯ ನಮ್ಮ ದೇಶದವರು ಅಂದು ಅವನ ಹಿಂದೆ ಓಡಿದರು. ಇದು ಅವಮಾನವೆಂದು ನನಗೆ ತೋರುವುದಿಲ್ಲ. ಓದಿದಾಗ ಸಂತೋಷವೇ ಆಯಿತು.

ಇನ್ನೊಂದು ಸಂಗತಿ. 2016ರ ಫೆಬ್ರವರಿಯಲ್ಲಿ ಗೌಹಾಟಿಯಲ್ಲಿ ಹದಿನೆಂಟು ವಯಸ್ಸಿನ ಹುಡುಗನೊಬ್ಬ ಈಟಿಯನ್ನು 82.23 ಮೀಟರ್ ದೂರ ಎಸೆದು ಚಿನ್ನ ಪಡೆದ. ಪಾಣಿಪತ್ತಿನ ಹತ್ತಿರದ ಖಾಂಡ್ರಾ ಗ್ರಾಮದ ರೈತನ ಮಗ, ಹೆಸರು ನೀರಜ್ ಚೋಪ್ರಾ. ಅದೇ ಸ್ಪರ್ಧೆಯಲ್ಲಿ ಮೂರನೆಯವನಾಗಿ ಕಂಚು ಪಡೆದವನು ಪಾಕಿಸ್ತಾನದ ಪಂಜಾಬಿನ ಅರ್ಷದ್ ನದೀಮ್, ಗಾರೆಕೆಲಸದವನ ಮಗ. ಊರವರು, ನೆಂಟರು ಹಣ ಕೂಡಿಸಿಕೊಟ್ಟು ಅವನನ್ನು ತರಬೇತಿಗೆ ಕಳುಹಿಸಿದರು. 2019ರಲ್ಲಿ ಇದೇ ಕೂಟದಲ್ಲಿ ಅವನು 86.29 ಮೀಟರ್ ಎಸೆದು ಟೋಕಿಯೋ ಒಲಿಂಪಿಕ್ಸಿಗೆ ನೇರವಾಗಿ ಅರ್ಹತೆ ಪಡೆದ. 2024ರಲ್ಲಿ ತನಗೊಂದು ಒಳ್ಳೆಯ ಈಟಿಯೂ ಇಲ್ಲವೆಂದು ಅವನು ಹೇಳಿಕೊಂಡಾಗ ಅವನ ಪರವಾಗಿ ಬಹಿರಂಗವಾಗಿ ಮಾತನಾಡಿದವರಲ್ಲಿ ನಮ್ಮ ನೀರಜನೂ ಒಬ್ಬ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಅರ್ಷದ್ 92.97 ಮೀಟರ್ ಎಸೆದು ಒಲಿಂಪಿಕ್ ಚಿನ್ನವನ್ನೂ ನೀರಜ್ ಬೆಳ್ಳಿಯನ್ನೂ ಪಡೆದರು. ಅವನೂ ನಮ್ಮ ಮಗನೇ ಎಂದು ನೀರಜನ ತಾಯಿ ಹೇಳಿದ್ದು ಎರಡು ದೇಶಗಳಲ್ಲೂ ಮನೆಮಾತಾಯಿತು. ಒಂದು ಈಟಿ ಗೌಹಾಟಿಯಿಂದ ಹೊರಟು ಪ್ಯಾರಿಸ್ಸಿಗೆ ಹೋಗಿ ನಾಟಿತು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಬದುಕುವವನ ಮಗ ಎಂದರೇನೆಂದು ಮಾಲೂರಿನವರಿಗೆ ಬೇರೆ ಹೇಳಬೇಕೆ? ಬೆಂಗಳೂರಿನ ಎಷ್ಟು ಮಹಡಿಗಳು ನಮ್ಮ ತಾಲ್ಲೂಕಿನ ಮಣ್ಣಿನಿಂದ ಎದ್ದಿವೆಯೋ!

ಬೆಂಗಳೂರಿನ ಮಾತೇ ಬಂತು. 2025ರ ಜುಲೈ 5ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜನ ಹೆಸರಿನಲ್ಲೇ ಈಟಿ ಎಸೆತದ ಸ್ಪರ್ಧೆ ನಡೆಯಿತು. ಅದಕ್ಕೆ ಅವನು ಏಪ್ರಿಲ್‌ನಲ್ಲಿ ಅರ್ಷದನನ್ನು ಆಹ್ವಾನಿಸಿದ್ದ. ತರಬೇತಿಯ ಕಾರಣ ಬರಲಾಗುವುದಿಲ್ಲವೆಂದು ಆತ ತಿಳಿಸಿದ. ಆ ವೇಳೆಗೆ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯ ಕೊಲೆಯಾಯಿತು. ಆಹ್ವಾನ ಹೋದದ್ದು ಕೊಲೆಗೆ ಮುಂಚೆ ಎಂದು ಹೇಳಿದರೂ ಬಿಡದೆ ಜನ ನೀರಜನ ಮೇಲೆ ಮುಗಿಬಿದ್ದರು, ಅವನ ತಾಯಿಯನ್ನೂ ಬಿಡಲಿಲ್ಲ. ದೇಶಕ್ಕೆ ಒಲಿಂಪಿಕ್ ಚಿನ್ನ ತಂದ ಸೈನಿಕನೊಬ್ಬ ತನ್ನ ದೇಶಪ್ರೇಮವನ್ನು ಕಾಗದದಲ್ಲಿ ಬರೆದು ಪ್ರಕಟಿಸಬೇಕಾಯಿತು! ಆ ಸ್ಪರ್ಧೆಯಲ್ಲಿ ನೀರಜ್ ಗೆದ್ದ, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವನಾದ. ನೆರೆಯವರಲ್ಲಿ ಒಬ್ಬನಾದರೂ ಬಂದ.

ಪಹಲ್ಗಾಮಿನ ಕೊಲೆಗಡುಕರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಅವರಿಗೆ ನೆಲೆ ಕೊಟ್ಟವರ ಬಗ್ಗೆಯೂ ಇಲ್ಲ. ಪಾಕಿಸ್ತಾನದ ಆಳುವವರು ಆಟದ ವಿಷಯದಲ್ಲೂ ನಿರಪರಾಧಿಗಳಲ್ಲ. ಕೂಟ ನಡೆಸುತ್ತೇವೆಂದು ಪದೇ ಪದೇ ಹೇಳಿ ಪದೇ ಪದೇ ಮುಂದೂಡಿದವರು ಅವರು. ಒಲಿಂಪಿಕ್ ಮಟ್ಟದ ಎಸೆತಗಾರನಿಗೆ ಒಂದು ಈಟಿ ಕೊಡಿಸಲಾರದ ಸರ್ಕಾರಕ್ಕೆ ಫಿರಂಗಿಗೆ ಹಣ ಸಾಲದೆ ಬಂದದ್ದಿಲ್ಲ. ಆದರೆ ಶಿಕ್ಷೆ ಯಾರಿಗೆ ಮುಟ್ಟುತ್ತಿದೆ ಎಂಬುದು ನನ್ನ ಪ್ರಶ್ನೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಂಥ ಕಡೆಗೇ ಹುಟ್ಟಿದ್ದು.

ಜಗಳವಿದ್ದಾಗ ಆಟ ಸಾಧ್ಯವೇ ಇಲ್ಲವೆಂಬುದು ಸುಳ್ಳು. ಇದೇ ಕೂಟದ ಚರಿತ್ರೆ ನೋಡಿ. 1999ರ ಜುಲೈನಲ್ಲಿ ಕಾರ್ಗಿಲ್ ಯುದ್ಧ ಮುಗಿಯಿತು. ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಎಂಟನೆಯ ಕೂಟ ಆರಂಭವಾದಾಗ ಎರಡೂ ದೇಶಗಳ ಆಟಗಾರರು ಅಲ್ಲಿದ್ದರು. 2004ರಲ್ಲಿ ನಮ್ಮವರು ಇಸ್ಲಾಮಾಬಾದಿಗೇ ಹೋಗಿ ಆಡಿ ಬಂದರು. 2016ರ ಜನವರಿಯಲ್ಲಿ ಪಠಾಣ್‌ಕೋಟೆಯ ಮೇಲೆ ದಾಳಿಯಾಯಿತು, ಫೆಬ್ರವರಿಯಲ್ಲಿ ಪಾಕಿಸ್ತಾನದ ತಂಡ ಗೌಹಾಟಿಗೆ ಬಂತು. ಬಂದಿದ್ದರಿಂದಲೇ ಅರ್ಷದ್, ನೀರಜರು ಒಂದೇ ಮೈದಾನದಲ್ಲಿ ನಿಂತರು. 2019ರಲ್ಲಿ ಪುಲ್ವಾಮಾ ಆಯಿತು, ಬಾಲಾಕೋಟೆ ಆಯಿತು. ಆ ವರ್ಷವೇ ನೇಪಾಳದಲ್ಲಿ ಆಟವೂ ಆಯಿತು.

ಇನ್ನು ಕ್ರಿಕೆಟ್ಟಿನ ಕಥೆ ಕೇಳಿ. 2025ರ ಆಗಸ್ಟ್ 21ರಂದು ಕೇಂದ್ರ ಕ್ರೀಡಾ ಸಚಿವಾಲಯ ತನ್ನ ನೀತಿಯನ್ನು ಪ್ರಕಟಿಸಿತು: ಪಾಕಿಸ್ತಾನದೊಡನೆ ಇಬ್ಬರೇ ಆಡುವ ಆಟವಿಲ್ಲ, ಹಲವು ದೇಶಗಳು ಸೇರುವ ಕೂಟಕ್ಕೆ ಅಡ್ಡಿಯಿಲ್ಲ. ಮರುತಿಂಗಳೇ ಏಷ್ಯಾ ಕಪ್ಪಿನಲ್ಲಿ ದುಬೈಯಲ್ಲಿ ಭಾರತ-ಪಾಕಿಸ್ತಾನಗಳು ಒಂದಲ್ಲ, ಎರಡಲ್ಲ, ಮೂರು ಸಲ ಆಡಿದವು. ಕೈ ಕುಲುಕಲಿಲ್ಲ, ಗೆದ್ದ ಬಟ್ಟಲನ್ನು ಪಾಕಿಸ್ತಾನದವರ ಕೈಯಿಂದ ತೆಗೆದುಕೊಳ್ಳಲಿಲ್ಲ. ಜಾಹೀರಾತಿನ ಹಣವನ್ನು ಮಾತ್ರ ಎರಡೂ ಕಡೆಯವರು ಕೈ ತೊಳೆದುಕೊಳ್ಳದೆ ತೆಗೆದುಕೊಂಡರು. ಕೈ ಕುಲುಕದಿರುವುದೇ ದೇಶಭಕ್ತಿಯಾಗಿದ್ದಲ್ಲಿ ಕಬಡ್ಡಿಯವರೂ ಖೋ ಖೋದವರೂ ಕೈ ಕುಲುಕದೆ ಆಡುತ್ತಿದ್ದರು. ಅವರನ್ನು ಕೇಳಿದವರು ಯಾರು? ದಕ್ಷಿಣ ಏಷ್ಯಾ ಕೂಟ ಎಂಟು ದೇಶಗಳದು. ಸರ್ಕಾರದ ನೀತಿಯ ಪ್ರಕಾರವೇ ಅದಕ್ಕೆ ತಡೆಯಿಲ್ಲ. ಪಾಕಿಸ್ತಾನಕ್ಕೆ ಹೋಗಲು ಇಷ್ಟವಿಲ್ಲವೆ? ಕೊಲಂಬೊ ಇದೆ, ಕಾಠ್ಮಂಡು ಇದೆ, ಕ್ರಿಕೆಟ್ಟಿಗೆ ದೊರೆತ ಆ ದುಬೈಯೇ ಇದೆ. ಹಣ ಹುಟ್ಟುವ ಆಟಕ್ಕೆ ಮೂರನೆಯ ಊರು ಒಂದೇ ತಿಂಗಳಲ್ಲಿ ಸಿಕ್ಕುತ್ತದೆ, ಹಣ ಹುಟ್ಟದ ಆಟಕ್ಕೆ ಆರು ವರ್ಷವಾದರೂ ಸಿಕ್ಕುವುದಿಲ್ಲ.

ಹಣ ಹುಟ್ಟದ ಆಟಗಳು ಯಾರವು? ಕಬಡ್ಡಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ತೆಲುಗು ಮನೆಗಳಲ್ಲಿ ಅದು ಚೆಡುಗುಡು, ತಮಿಳರಿಗೆ ಸಡುಗುಡು, ಬಂಗಾಳಿಗಳಿಗೆ ಹಾಡುಡು. ಬಂಗ್ಲಾದೇಶಕ್ಕೆ ಅದೇ ರಾಷ್ಟ್ರೀಯ ಆಟ. ಚೆಂಡು ಬೇಡ, ಬ್ಯಾಟು ಬೇಡ, ಬೂಟು ಬೇಡ, ಉಸಿರಿದ್ದರೆ ಸಾಕು. 1985ರಲ್ಲಿ ಢಾಕಾದ ಕೂಟದಲ್ಲಿ ಅದಕ್ಕೆ ಪದಕ ಇಟ್ಟ ಮೇಲೆಯೇ 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಿಗೆ ಅದು ಹೋದದ್ದು. 2010ರಲ್ಲಿ ಹೆಂಗಸರಿಗೂ ಅವಕಾಶ ಬಂತು. ಆ ವರ್ಷವೂ 2014ರಲ್ಲೂ ಚಿನ್ನ ಗೆದ್ದ ತಂಡಗಳಲ್ಲಿ ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಇದ್ದರು. ಮಮತಾ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಹುಡುಗಿ. ಆಟ ಆಕೆಗೆ ರೈಲ್ವೆಯಲ್ಲಿ ನೌಕರಿ ಕೊಟ್ಟಿತು. ಬಡವರ ಮಕ್ಕಳಿಗೆ ಪದಕವೆಂದರೆ ಕೊರಳಿನ ಆಭರಣವಲ್ಲ, ಸಂಬಳದ ಚೀಟಿ.

ಖೋ ಖೋದ ಸ್ಥಿತಿ ಇನ್ನೂ ಕಷ್ಟ. ಒಲಿಂಪಿಕ್ಸಿನಲ್ಲಿ ಅದಿಲ್ಲ, ಏಷ್ಯನ್ ಕ್ರೀಡೆಗಳಲ್ಲಿ ಪದಕವಿಲ್ಲ. 2016ರಲ್ಲಿ ಗೌಹಾಟಿಯಲ್ಲಿ ಪದಕದ ಆಟವಾಯಿತು, 2019ರಲ್ಲಿ ನೇಪಾಳದಲ್ಲಿ ಆಡಿದರು; ಆಮೇಲೆ ಆ ಬಾಗಿಲು ಮುಚ್ಚಿತು. ನಾನು ಮೇಷ್ಟರಾಗಿದ್ದಾಗ ಹೋಬಳಿ ಮಟ್ಟದ ಪಂದ್ಯಗಳಿಗೆ ಹುಡುಗಿಯರನ್ನು ಕರೆದುಕೊಂಡು ಹೋಗುತ್ತಿದ್ದೆ. ಶಾಲೆಗೆ ಆಟದ ಬಯಲಿರಲಿಲ್ಲ. ಒಣಗಿದ ಕೆರೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು ಆಡಿಸುತ್ತಿದ್ದೆ. (ಆಮೇಲೆ ಕೆ.ಸಿ. ವ್ಯಾಲಿಯ ನೀರು ಬಂದು ಆ ಕೆರೆ ತುಂಬಿತು. ಕೋಲಾರದವನಾಗಿ ಕೆರೆ ತುಂಬಿದ್ದಕ್ಕೆ ಅಳುವುದು ಹೇಗೆ? ಆದರೆ ಆಟಕ್ಕೆ ಬೇರೆ ಜಾಗ ಕೊಡುವುದು ಯಾರಿಗೂ ಹೊಳೆಯಲಿಲ್ಲ.) ಆ ತಂಡದಲ್ಲಿ ಇಟ್ಟಿಗೆ ಕುಯ್ಯುವವರ ಮಗಳೊಬ್ಬಳಿದ್ದಳು. 2019ರಲ್ಲಿ ಹದಿನಾರು ವರ್ಷ. ಕಂಬ ಸುತ್ತಿ ತಿರುಗುವಾಗ ಅವಳ ಕೈಗೆ ಸಿಗದವರಿಲ್ಲ. ಅವಳು ಭಾರತದ ತಂಡಕ್ಕೆ ಸೇರುತ್ತಿದ್ದಳೆಂದು ನಾನು ಹೇಳುವುದಿಲ್ಲ. ಜಿಲ್ಲೆಗೆ ಆಡಿದ್ದಳು, ರಾಜ್ಯಕ್ಕೆ ಆಡುವ ಆಸೆಯಿತ್ತು. ಅದಕ್ಕೆ ಮುಂದೆ ಮೆಟ್ಟಿಲೇ ಇಲ್ಲವಾದಾಗ ಮನೆಯವರು ಆಟ ಬಿಡಿಸಿದರು. ಈಗ ಕಾರ್ಖಾನೆಯ ಬಸ್ಸು ಹತ್ತುತ್ತಾಳೆ, ಗುತ್ತಿಗೆಯ ಕೆಲಸ. ಮೊನ್ನೆ ಸಿಕ್ಕಿದಾಗ, "ಸಾರ್, ಆ ಸೌತ್ ಏಷ್ಯಾ ಆಟ ಆಯ್ತಾ?" ಎಂದು ಕೇಳಿದಳು. ಇಲ್ಲಮ್ಮ ಎಂದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ನಡೆಯಿತು. ಪಾಕಿಸ್ತಾನದವರಿಗೆ ವೀಸಾ ಸಿಗಲಿಲ್ಲ. ಗಂಡಸರ ತಂಡವೂ ಹೆಂಗಸರ ತಂಡವೂ ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದವು. ಗೆದ್ದವರಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್, ತಿ. ನರಸೀಪುರ ತಾಲ್ಲೂಕು ಕುರುಬೂರಿನ ರೈತರ ಮಗಳು ಬಿ. ಚೈತ್ರಾ ಇದ್ದರು. ನಮ್ಮ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನವರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ಕೆಲಸ. ಇಬ್ಬರೂ ಆ 5 ಲಕ್ಷವನ್ನು ಒಲ್ಲೆವೆಂದರು. ದುರಾಸೆ ಎಂದು ಕೆಲವರು ಮೂಗು ಮುರಿದರು. ಅವರು ಕೇಳಿದ್ದು ಹಣವೊಂದನ್ನೇ ಅಲ್ಲ, ಕ್ರಿಕೆಟ್ಟಿನವನನ್ನು ಹೊತ್ತು ಮೆರೆಸುವ ನಾಡಿನಲ್ಲಿ ತಮ್ಮ ಆಟಕ್ಕೂ ಒಂದು ಮರ್ಯಾದೆಯನ್ನು. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ.

ಡಾಕ್ಟರ್ ಲೋಹಿಯಾ ಅವರು ಭಾರತ-ಪಾಕಿಸ್ತಾನಗಳ ಮಹಾಸಂಘದ ಮಾತನ್ನು ಜೀವನವಿಡೀ ಆಡಿದರು. 1964ರಲ್ಲಿ, ಎರಡೂ ಕಡೆ ನೆತ್ತರು ಹರಿಯುತ್ತಿದ್ದ ದಿನಗಳಲ್ಲಿ, ಜನಸಂಘದ ದೀನದಯಾಳ್ ಉಪಾಧ್ಯಾಯರೊಡನೆ ಸೇರಿ ಅದಕ್ಕಾಗಿ ಜಂಟಿ ಹೇಳಿಕೆ ಕೊಟ್ಟರು. ಇಂದು ಉಪಾಧ್ಯಾಯರ ಚಿತ್ರಕ್ಕೆ ಹಾರ ಹಾಕುವವರು ಆ ಹೇಳಿಕೆಯನ್ನು ಒಮ್ಮೆ ತೆಗೆದು ಓದಬೇಕು. ಮಹಾಸಂಘ ದೂರದ ಮಾತು, ಒಪ್ಪೋಣ. ಎಂಟು ದೇಶಗಳ ಹುಡುಗ ಹುಡುಗಿಯರು ಹತ್ತು ದಿನ ಒಂದು ಊರಿನಲ್ಲಿ ಉಂಡು ಆಡಿ ಹೋಗುವುದೂ ದೂರದ ಮಾತೆ?

2030ರ ಕಾಮನ್‌ವೆಲ್ತ್ ಕ್ರೀಡೆಗಳನ್ನು ಅಹಮದಾಬಾದಿಗೆ ತಂದಿದ್ದಾರೆ, 2036ರ ಒಲಿಂಪಿಕ್ಸನ್ನೂ ತರುತ್ತೇವೆನ್ನುತ್ತಾರೆ. 2010ರಲ್ಲಿ ದೆಹಲಿಯಲ್ಲಿ ಏನಾಯಿತೆಂದು ಲೆಕ್ಕಪರಿಶೋಧಕರ ವರದಿಯಲ್ಲಿ ಓದಿದವರಿಗೆ ಇದರಲ್ಲಿ ಯಾರ ಮನೆ ತುಂಬುವುದೆಂದು ಹೇಳಬೇಕಾಗಿಲ್ಲ. ನಮ್ಮ ಬೇಡಿಕೆ ಚಿಕ್ಕದು. ದಕ್ಷಿಣ ಏಷ್ಯಾ ಕೂಟ ಯಾವ ಊರಿನಲ್ಲಾದರೂ ಸರಿ, ನಡೆಯಬೇಕು. ಅದಕ್ಕೆ ಭಾರತ ಸರ್ಕಾರ ಮುಂದಾಳಾಗಬೇಕು. ಮಾಲೂರು ತಾಲ್ಲೂಕಿನ ಕಸಬಾ, ಲಕ್ಕೂರು, ಮಾಸ್ತಿ, ಟೇಕಲ್ ನಾಲ್ಕೂ ಹೋಬಳಿಗಳಲ್ಲಿ ಒಂದೊಂದು ಆಟದ ಬಯಲನ್ನು ಸರ್ವೆ ಮಾಡಿ, ಕಲ್ಲು ನೆಟ್ಟು, ಶಾಲೆಗಳ ಹೆಸರಿಗೆ ಬರೆಯಬೇಕು. ಮೊದಲನೆಯದನ್ನು ಲೋಕಸಭಾ ಸದಸ್ಯರಿಗೂ ಎರಡನೆಯದನ್ನು ತಹಸೀಲ್ದಾರರಿಗೂ ಕಳುಹಿಸುತ್ತಿದ್ದೇವೆ. ಅರ್ಜಿಯ ಹಾಳೆಗಳು ಪಕ್ಷದ ಕಚೇರಿಯಲ್ಲಿವೆ. ಸಂಜೆ ಡೇರಿಗೆ ಹಾಲು ಹಾಕಿ ಬರುವವರು, ಬೆಂಗಳೂರಿನ ರೈಲಿಳಿದು ಬರುವವರು ಒಂದು ನಿಮಿಷ ನಿಂತು ಸಹಿ ಹಾಕಬಹುದು. ಮೊದಲ ಸಹಿ ಆ ಹುಡುಗಿಯದು.